ಪುಸ್ತಕ ತೆರೆಯುವ ಮೊದಲು

ಜೂನ್ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಟ್ಯೂಷನ್, ಟಾನಿಕ್, ಶಿಬಿರಗಳದೇ ಮಾತು. ಮಗುವಿನ ಮೆದುಳನ್ನು ಮನೆಯಲ್ಲೇ ಕಲಿಕೆಗೆ ಅಣಿ ಮಾಡುವುದು ಹೇಗೆಂದು ಕೇಳಿರುವ ಆರು ಪತ್ರಗಳನ್ನು ಈ ಸಲ ಆರಿಸಿಕೊಂಡಿದ್ದೇವೆ.

ನಮ್ಮ ಹುಡುಗ ಐದು ವರ್ಷದಾಂವ. ಒಂದ್ ಕಡೆ ಐದ್ ನಿಮಿಷ ಕುಂದ್ರಂಗಿಲ್ರಿ. ಶಾಲ್ಯಾಗ ಟೀಚರ್ ಬೈತಾರ, ಮನ್ಯಾಗ ಅವರಪ್ಪ ಬೈತಾರ. ಲಕ್ಷ್ಯ ಕೊಡೂದು ಕಲಸಾಕ ಮನ್ಯಾಗ ಏನರ ಮಾಡಾಕ ಬರ್ತದೇನ್ರಿ?
– ತಾಯಿ, ಗದಗ

ಮೊದಲು ಬೈಯುವುದನ್ನು ನಿಲ್ಲಿಸೋಣ ತಾಯಿ. ಐದು ವರ್ಷದ ಮಗು ತನಗೆ ಇಷ್ಟವಿಲ್ಲದ ಕೆಲಸದಲ್ಲಿ 10 ನಿಮಿಷ ಕೂತರೆ ಅದೇ ದೊಡ್ಡದು. 'ಈಗ ಏಳಬೇಡ, ಈಗ ಮಾತಾಡಬೇಡ' ಎಂದು ನಮ್ಮನ್ನು ಒಳಗಿನಿಂದ ತಡೆಯುವುದು ಹಣೆಯ ಹಿಂದಿರುವ ಮೆದುಳಿನ ಭಾಗ. ಅದು ಪೂರ್ತಿ ಬಲಿಯಲು ಇಪ್ಪತ್ತು ದಾಟಿ ಇನ್ನೂ ಕೆಲವು ವರ್ಷ ಬೇಕು. ಹಾಗಾಗಿ ನಿಮ್ಮ ಮಗ ಹಟಮಾರಿಯಲ್ಲ, ಅವನ ಬ್ರೇಕು ಇನ್ನೂ ಹೊಸದು. ಆದರೆ ಬಳಸಿದಷ್ಟೂ ಅದು ಪಳಗುತ್ತದೆ.

ಪಳಗಿಸಲು ನಮ್ಮಲ್ಲೇ ಒಂದು ಒಳ್ಳೆಯ ಆಟವಿದೆ: ಕೆರೆ-ದಡ. ಅಂಗಳದಲ್ಲೋ ಪಡಸಾಲೆಯಲ್ಲೋ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯಿರಿ. ಆಚೆ ಕೆರೆ, ಈಚೆ ದಡ. 'ಕೆರೆ' ಎಂದರೆ ಆಚೆ ಜಿಗಿಯಬೇಕು, 'ದಡ' ಎಂದರೆ ಈಚೆ. ಮೊದಲ ಮೂರ್ನಾಲ್ಕು ದಿನ ನಿಧಾನವಾಗಿ, ಒಂದಾದ ಮೇಲೆ ಒಂದು ಹೇಳಿ. ಆಮೇಲೆ ದಡದ ಮೇಲೆ ನಿಂತಿರುವಾಗಲೇ ಮತ್ತೆ 'ದಡ' ಎನ್ನಿ. ಆಗ ಅವನ ಕಾಲು ಎದ್ದೇಬಿಡುತ್ತದೆ, ಹಿಮ್ಮಡಿ ನೆಲ ಬಿಟ್ಟು ಅರ್ಧ ಗಾಳಿಯಲ್ಲಿರುವಾಗ ತಪ್ಪು ತಿಳಿದು ಮೈ ಹಿಂದಕ್ಕೆಳೆದುಕೊಳ್ಳುತ್ತಾನೆ. ನಮಗೆ ಬೇಕಾದ ಅಭ್ಯಾಸ ನಡೆಯುವುದು ಆ ಅರೆಕ್ಷಣದಲ್ಲೇ. ಹತ್ತು ಸಲ ಹೇಳಿ, ಎಷ್ಟು ಸಲ ಸರಿಯಾಯಿತೆಂದು ಎಣಿಸಿ. ಎಂಟು ಸರಿಯಾದರೆ ವೇಗ ಹೆಚ್ಚಿಸಿ. ಐದಕ್ಕಿಂತ ಕಡಿಮೆಯಾದರೆ ಮತ್ತೆ ಹಿಂದಿನ ಹಂತಕ್ಕೆ ಬನ್ನಿ. ಎರಡು ವಾರ ಕಳೆದ ಮೇಲೆ ನಿಯಮವನ್ನೇ ತಿರುಗಿಸಿ: 'ಕೆರೆ' ಎಂದರೆ ದಡ, 'ದಡ' ಎಂದರೆ ಕೆರೆ. ಹೇಳಿದ್ದನ್ನು ನೆನಪಿಟ್ಟುಕೊಳ್ಳುವುದು, ಅಭ್ಯಾಸವಾದದ್ದನ್ನು ತಡೆಹಿಡಿಯುವುದು, ನಿಯಮ ಬದಲಾದಾಗ ತಾನೂ ಬದಲಾಗುವುದು, ಈ ಮೂರೂ ಇದರಲ್ಲಿ ಒಟ್ಟಿಗೆ ಬರುತ್ತವೆ. ದಿನಕ್ಕೆ ಎರಡು ಸಲ, ಐದೈದು ನಿಮಿಷ ಸಾಕು.

ಈ ಆಟ ಮನೆಗಳಲ್ಲಿ ಕೆಡುವುದು 'ಔಟ್' ಎಂಬ ಮಾತಿನಿಂದ. ದೊಡ್ಡ ಮಕ್ಕಳ ಜೊತೆ ಆಡಿದರೆ ಚಿಕ್ಕವನು ಮೊದಲೇ ಔಟಾಗಿ ಮೂಲೆ ಸೇರುತ್ತಾನೆ. ಅಭ್ಯಾಸ ಯಾರಿಗೆ ಹೆಚ್ಚು ಬೇಕೋ ಅವನಿಗೇ ಕಡಿಮೆ ಸಿಕ್ಕಂತಾಯಿತು. ಔಟ್ ಬೇಡ, ಬರೀ ಎಣಿಕೆ ಇರಲಿ.

ಆಟವೊಂದರಿಂದಲೇ ಲೆಕ್ಕ, ಬರವಣಿಗೆ ಬಂದುಬಿಡುವುದಿಲ್ಲ. ಆಟದಲ್ಲಿ ಕಲಿತ ತಡೆ ದಿನದ ಕೆಲಸಗಳಲ್ಲೂ ಬಳಕೆಯಾಗಬೇಕು. 'ಚೊಂಬು ತಗೋ, ತುಳಸಿಗೆ ನೀರು ಹಾಕು, ಬರುವಾಗ ಬಾಗಿಲು ಮುಂದೆ ಮಾಡು' ಎಂದು ಮೂರು ಕೆಲಸ ಒಟ್ಟಿಗೆ ಹೇಳಿ, ಹೊರಡುವ ಮೊದಲು ಅವನ ಬಾಯಲ್ಲೇ ಒಮ್ಮೆ ಹೇಳಿಸಿ. ಮಧ್ಯೆ ಮರೆತರೆ ನೀವೇ ಹೇಳಿಬಿಡಬೇಡಿ, 'ಇನ್ನೇನಿತ್ತು?' ಎಂದು ಕೇಳಿ ಸ್ವಲ್ಪ ಕಾಯಿರಿ. ಮೂರು ಕಷ್ಟವಾದರೆ ಎರಡರಿಂದ ಶುರು ಮಾಡಿ.

ಒಂದು ಎಚ್ಚರಿಕೆ. ಹಿಂದಿನಿಂದ ಸಾಮಾನ್ಯ ದನಿಯಲ್ಲಿ ಕರೆದರೆ ತಿರುಗುತ್ತಾನೆಯೇ? ಟಿವಿಯ ಸದ್ದು ಜೋರು ಮಾಡಿಕೊಳ್ಳುತ್ತಾನೆಯೇ? ಮಾತುಮಾತಿಗೆ 'ಆಂ?' ಎನ್ನುತ್ತಾನೆಯೇ? ಪದೇ ಪದೇ ನೆಗಡಿಯಾಗುವ ಮಕ್ಕಳಲ್ಲಿ ಕಿವಿತಮಟೆಯ ಹಿಂದೆ ನೀರು ನಿಂತು ಕೇಳುವುದು ಮಂದವಾಗಿರಬಹುದು. ನೋವಿಲ್ಲದ್ದರಿಂದ ಯಾರಿಗೂ ತಿಳಿಯುವುದಿಲ್ಲ, ಎಲ್ಲರೂ 'ಲಕ್ಷ್ಯ ಇಲ್ಲ' ಎನ್ನುತ್ತಾರೆ. ಅನುಮಾನವಿದ್ದರೆ ಜಿಲ್ಲಾ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ತೋರಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಮಕ್ಕಳ ಶ್ರವಣ ಪರೀಕ್ಷೆ ನಡೆಯುತ್ತದೆ. ಕಿವಿ ಸರಿಯಿದ್ದು, ಆರು ತಿಂಗಳಿಗೂ ಮೀರಿ ಮನೆಯಲ್ಲೂ ಶಾಲೆಯಲ್ಲೂ ಇದೇ ತೊಂದರೆ ಕಂಡರೆ ಮಕ್ಕಳ ವೈದ್ಯರನ್ನು ನೋಡಿ.

ಎಂಟು ವರ್ಷದ ಮಗಳು ಬೆಳಿಗ್ಗೆ ಚಹಾ, ಎರಡು ಬಿಸ್ಕತ್ತು ಬಿಟ್ಟರೆ ಬೇರೇನೂ ಮುಟ್ಟುವುದಿಲ್ಲ. ಹನ್ನೊಂದು ಗಂಟೆಗೆ ಮಂಕಾಗಿ ಕೂರುತ್ತಾಳೆ ಎಂದು ಮೇಷ್ಟ್ರು ಹೇಳುತ್ತಾರೆ. ರಾಗಿ ಮಾಲ್ಟ್ ಕೊಟ್ಟರೆ ಸಾಕೇ? ಒಂದೆಲಗ ಕೊಟ್ಟರೆ ಬುದ್ಧಿ ಚುರುಕಾಗುತ್ತದೆಯೇ?
– ಓದುಗಿ, ಸಕಲೇಶಪುರ

ಐದಾರು ವರ್ಷದ ಮಗು ತಿಂದ ಅನ್ನದ ಶಕ್ತಿಯಲ್ಲಿ ಐದರಲ್ಲಿ ಎರಡು ಪಾಲಿಗೂ ತುಸು ಹೆಚ್ಚನ್ನು ಮೆದುಳೊಂದೇ ಬಳಸುತ್ತದೆ. ದೊಡ್ಡವರಲ್ಲಿ ಅದು ಐದರಲ್ಲಿ ಒಂದು ಪಾಲು. ಎಂಟರ ಹರೆಯದಲ್ಲೂ ಮೆದುಳಿನ ಹಸಿವು ದೊಡ್ಡದೇ. ರಾತ್ರಿ ಎಂಟಕ್ಕೆ ಉಂಡವಳು ಬರೀ ಬಿಸ್ಕತ್ತಿನ ಮೇಲೆ ಮಧ್ಯಾಹ್ನದವರೆಗೆ ಇದ್ದರೆ ಮಂಕಾಗದೆ ಇನ್ನೇನು?

ಎರಡನೆಯದು ಕಬ್ಬಿಣಾಂಶ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಆ ಕೊರತೆ ಶಾಲೆ ಸೇರಿದ ಕೂಡಲೇ ತಾನಾಗಿ ಮಾಯವಾಗುವುದಿಲ್ಲ. ಮೆದುಳಿಗೆ ಆಮ್ಲಜನಕ ಒಯ್ಯುವುದಕ್ಕೂ, ಅಲ್ಲಿ ಗಮನಕ್ಕೆ ಬೇಕಾದ ರಾಸಾಯನಿಕಗಳು ತಯಾರಾಗುವುದಕ್ಕೂ ಕಬ್ಬಿಣ ಬೇಕು. ಚಹಾದ ಒಗರು ಊಟದಲ್ಲಿರುವ ಕಬ್ಬಿಣವನ್ನು ಹಿಡಿದಿಟ್ಟು ಮೈಗೆ ಹತ್ತದಂತೆ ಮಾಡುತ್ತದೆ. ಆದ್ದರಿಂದ ಬೆಳಗಿನ ಚಹಾ ನಿಲ್ಲಲೇಬೇಕು. ಒಂದೇ ಸಲ ನಿಲ್ಲಿಸಿದರೆ ರಂಪವಾಗುತ್ತದೆ ಎನ್ನುವುದಾದರೆ ವಾರ ವಾರ ಡಿಕಾಕ್ಷನ್ ಕಡಿಮೆ ಮಾಡಿ ಹಾಲು ಹೆಚ್ಚಿಸುತ್ತಾ ಬನ್ನಿ, ನಾಲ್ಕನೇ ವಾರಕ್ಕೆ ಬರೀ ಹಾಲಾಗಲಿ.

ರಾಗಿಯ ಲೆಕ್ಕ ನೋಡೋಣ. 100 ಗ್ರಾಂ ರಾಗಿಯಲ್ಲಿ ಸುಮಾರು 4.6 ಮಿಲಿಗ್ರಾಂ ಕಬ್ಬಿಣ ಇದೆ. ಒಂದು ಲೋಟ ಮಾಲ್ಟಿಗೆ ಬೀಳುವುದು ಎರಡು ದೊಡ್ಡ ಚಮಚ, ಹತ್ತಿರ ಹತ್ತಿರ 20 ಗ್ರಾಂ ಹಿಟ್ಟು. ಅಂದರೆ ಒಂದು ಮಿಲಿಗ್ರಾಂ ಕೂಡ ಸಿಗುವುದಿಲ್ಲ. ಏಳರಿಂದ ಒಂಬತ್ತು ವರ್ಷದ ಮಗುವಿಗೆ ದಿನಕ್ಕೆ 15 ಮಿಲಿಗ್ರಾಂ ಬೇಕು. ಮಾಲ್ಟ್ ಕೊಡಿ, ಆದರೆ ಅದೊಂದನ್ನೇ ನೆಚ್ಚಿ ಕೂರಬೇಡಿ.

ಕೊಡುವುದಾದರೆ ಮೊಳಕೆ ಕಟ್ಟಿದ ರಾಗಿಯದೇ ಕೊಡಿ. ಕಾಳಿನಲ್ಲಿ ಕಬ್ಬಿಣವನ್ನು ಕಟ್ಟಿಹಾಕುವ ಫೈಟೇಟ್ ಎಂಬ ಅಂಶ ಮೊಳಕೆಯಲ್ಲಿ ಕಡಿಮೆಯಾಗುತ್ತದೆ. ರಾಗಿ ತೊಳೆದು 12 ಗಂಟೆ ನೆನೆಸಿ, ನೀರು ಪೂರ್ತಿ ಬಸಿದು ಒದ್ದೆ ಬಟ್ಟೆಯಲ್ಲಿ ಒಂದು ದಿನ ಕಟ್ಟಿಡಿ. ಮಳೆಗಾಲದ ಚಳಿಗೆ ಇನ್ನರ್ಧ ದಿನ ಬೇಕಾಗಬಹುದು. ಬಿಳಿ ಮೊಳಕೆ ಕಂಡ ಮೇಲೆ ತೆಳ್ಳಗೆ ಹರಡಿ ಒಣಗಿಸಿ, ಸಣ್ಣ ಉರಿಯಲ್ಲಿ ಘಮ ಬರುವಷ್ಟು ಹುರಿದು, ಉಜ್ಜಿ ಮೊಳಕೆ ಉದುರಿಸಿ ಹಿಟ್ಟು ಮಾಡಿಸಿ. ಹುಳಿ ವಾಸನೆ ಬಂದರೆ ನೀರು ಸರಿಯಾಗಿ ಬಸಿದಿಲ್ಲ ಎಂದೇ ಅರ್ಥ. ಬೂಷ್ಟು ಕಂಡರೆ ಅಷ್ಟನ್ನೂ ಚೆಲ್ಲಿ, ತೊಳೆದು ಬಳಸಬೇಡಿ. ಹಿಟ್ಟನ್ನು ತಣ್ಣೀರಿನಲ್ಲಿ ಕದಡಿಕೊಂಡೇ ಒಲೆಗೇರಿಸಿ, ಕುದಿ ನೀರಿಗೆ ಸುರಿದರೆ ಗಂಟಾಗುತ್ತದೆ.

ಇದರ ಜೊತೆ ತಿನ್ನಲು ಏನಾದರೂ ಗಟ್ಟಿಯಾದದ್ದು ಇರಲಿ: ಬೇಯಿಸಿದ ಮೊಟ್ಟೆ, ಇಲ್ಲವೇ ಹೆಸರುಕಾಳಿನ ಉಸ್ಲಿ, ಇಲ್ಲವೇ ನುಗ್ಗೆಸೊಪ್ಪು ಹಾಕಿದ ರೊಟ್ಟಿ. ಒಲೆಯಿಂದ ಇಳಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ. ಸಸ್ಯಾಹಾರದ ಕಬ್ಬಿಣ ಮೈಗೆ ಹತ್ತುವುದು ಆ ಹುಳಿಯಲ್ಲಿರುವ ಸಿ ವಿಟಮಿನ್ನಿನಿಂದ. ಕುದಿಯುವಾಗಲೇ ಹಿಂಡಿದರೆ ಅದರಲ್ಲಿ ಒಂದು ಪಾಲು ನಷ್ಟ. ಬೆಳಿಗ್ಗೆ ಹಸಿವೇ ಇಲ್ಲ ಎನ್ನುವ ಮಕ್ಕಳು ಹೆಚ್ಚಾಗಿ ರಾತ್ರಿ ತಡವಾಗಿ ಉಂಡವರು, ಬೆಳಿಗ್ಗೆ ತಡವಾಗಿ ಎದ್ದವರು. ವ್ಯಾನ್ ಬರುವುದಕ್ಕೆ ಮುಕ್ಕಾಲು ಗಂಟೆ ಮೊದಲಾದರೂ ಏಳಲಿ.

ಹಿಮೋಗ್ಲೋಬಿನ್ ಒಮ್ಮೆ ನೋಡಿಸಿ. 5ರಿಂದ 11 ವರ್ಷದ ಮಕ್ಕಳಲ್ಲಿ 11.5 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಸರ್ಕಾರಿ ಶಾಲೆಯಲ್ಲಿ ವಾರಕ್ಕೊಂದು ಕೊಡುವ ಗುಲಾಬಿ ಬಣ್ಣದ ಮಾತ್ರೆಯಲ್ಲಿ 45 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಅದನ್ನು ಖಾಲಿ ಹೊಟ್ಟೆಯಲ್ಲಿ ನುಂಗಿ ವಾಕರಿಕೆ ಬಂದ ಮಕ್ಕಳು ಮತ್ತೆ ಮುಟ್ಟುವುದಿಲ್ಲ, ಹಾಗಾಗಿ ಊಟವಾದ ಮೇಲೇ ಕೊಡಿ. ಮಲ ಕಪ್ಪಾದರೆ ಹೆದರಬೇಡಿ, ಅದು ಮಾತ್ರೆಯಲ್ಲಿರುವ ಕಬ್ಬಿಣದಿಂದ ಬಂದ ಬಣ್ಣ. ಫೆಬ್ರವರಿ ಮತ್ತು ಆಗಸ್ಟ್ ತಿಂಗಳ 10ರಂದು ಕೊಡುವ ಜಂತುಹುಳುವಿನ ಮಾತ್ರೆಯನ್ನೂ ತಪ್ಪಿಸಬೇಡಿ. ಕೊಕ್ಕೆಹುಳು ಕರುಳಲ್ಲಿ ರಕ್ತ ಹೀರುತ್ತಿದ್ದರೆ ಎಷ್ಟು ಸೊಪ್ಪು ತಿನ್ನಿಸಿದರೂ ತೂತು ಬಿದ್ದ ಕೊಡಕ್ಕೆ ನೀರು ಹೊಯ್ದಂತೆ.

ಒಂದೆಲಗದ ತಂಬುಳಿ ಮಾಡಿ, ಮನೆಮಂದಿಯೆಲ್ಲ ಉಣ್ಣಿ. ಸೊಪ್ಪಾಗಿ ಒಳ್ಳೆಯದು. ಅದರಿಂದ ಮಾರ್ಕ್ಸು ಬರುತ್ತದೆಂದು ಕಾಯಬೇಡಿ.

ಯಜಮಾನರು ಕೆಲಸದಿಂದ ಬರುವುದೇ ರಾತ್ರಿ ಒಂಬತ್ತೂವರೆಗೆ. ಅಪ್ಪನ ಜೊತೆ ಆಡಿ ಮಗ ಮಲಗುವಾಗ ಹನ್ನೊಂದು. ಬೆಳಿಗ್ಗೆ 6.15ಕ್ಕೆ ಎಬ್ಬಿಸಬೇಕು. ಏಳು ವರ್ಷದವನು. ಭಾನುವಾರ ಹತ್ತರವರೆಗೆ ಮಲಗಿ ಸರಿಮಾಡಿಕೊಳ್ಳುತ್ತಾನಲ್ಲ, ಪರವಾಗಿಲ್ಲವೇ?
– ಓದುಗಿ, ಯಲಹಂಕ

ಪರವಾಗಿಲ್ಲ ಎನ್ನಲಾಗದು. ಆರರಿಂದ ಹನ್ನೆರಡು ವರ್ಷದವರಿಗೆ 9ರಿಂದ 12 ಗಂಟೆ ನಿದ್ದೆ ಬೇಕು, ನಿಮ್ಮ ಮಗನಿಗೆ ಸಿಗುತ್ತಿರುವುದು ಏಳೂಕಾಲು. ಹಗಲು ಕಲಿತದ್ದು ಮೊದಲು ಮೆದುಳಿನ ಒಳಗಿರುವ ಹಿಪ್ಪೊಕ್ಯಾಂಪಸ್ ಎಂಬ ಪುಟ್ಟ ಭಾಗದಲ್ಲಿ ತಾತ್ಕಾಲಿಕವಾಗಿ ಕೂರುತ್ತದೆ. ರಾತ್ರಿ ಗಾಢ ನಿದ್ದೆಯಲ್ಲಿ ಅದು ಮತ್ತೆ ಮತ್ತೆ ಮೆಲುಕಿಗೆ ಬಂದು, ಮೆದುಳಿನ ಹೊರಪದರದಲ್ಲಿ ಗಟ್ಟಿಯಾಗಿ ನೆಲೆಯೂರುತ್ತದೆ. ನಿದ್ದೆ ಕತ್ತರಿಸಿದರೆ ಆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಮರುದಿನ ಹೊಸದನ್ನು ಹಿಡಿದಿಟ್ಟುಕೊಳ್ಳುವುದೂ ಕಷ್ಟ. ಭಾನುವಾರ ಹತ್ತರವರೆಗೆ ಮಲಗಿದರೆ ಮೈಯೊಳಗಿನ ಗಡಿಯಾರ ಮುಂದಕ್ಕೆ ಸರಿದು ಅಂದು ರಾತ್ರಿ ಇನ್ನೂ ತಡವಾಗುತ್ತದೆ, ಸೋಮವಾರ ಬೆಳಿಗ್ಗೆ ಅಳು ಶುರು.

ಒಂದೇ ದಿನ ಒಂಬತ್ತಕ್ಕೆ ಮಲಗಿಸಲು ಹೋಗಬೇಡಿ, ಎರಡು ಗಂಟೆ ಹೊರಳಾಡಿ ಹಾಸಿಗೆಯನ್ನೇ ದ್ವೇಷಿಸುತ್ತಾನೆ. ಏಳುವ ಹೊತ್ತು ಮೊದಲು ಕಟ್ಟಿ: ದಿನವೂ 6.15, ರಜೆಯಲ್ಲಿ ಹೆಚ್ಚೆಂದರೆ 7.15. ಎದ್ದ ಕೂಡಲೇ ಬಾಲ್ಕನಿಯಲ್ಲಿ ಹತ್ತು ನಿಮಿಷ ಬೆಳಕಿಗೆ ನಿಲ್ಲಿಸಿ. ಮಲಗುವ ಹೊತ್ತನ್ನು ಮೂರು ದಿನಕ್ಕೊಮ್ಮೆ 15 ನಿಮಿಷ ಹಿಂದಕ್ಕೆ ತನ್ನಿ. ಹನ್ನೊಂದರಿಂದ ಒಂಬತ್ತಕ್ಕೆ ಬರಲು ಎಂಟು ಮೆಟ್ಟಿಲು, 24 ದಿನ. ಊಟ ಏಳೂವರೆಗೆ ಮುಗಿಯಲಿ. ಎಂಟರ ನಂತರ ಟ್ಯೂಬ್‌ಲೈಟ್ ಆರಿಸಿ ಸಣ್ಣ ದೀಪ ಹಾಕಿ, ಫೋನು, ಟಿವಿ ಬೇಡ. ಸಂಜೆಯ ಮೇಲೆ ಕಾಫಿ, ಕೋಲಾ ಬೇಡ, ಅದರ ಕೆಫೀನಿನ ಅರ್ಧ ಐದಾರು ಗಂಟೆ ಕಳೆದರೂ ಮೈಯಲ್ಲೇ ಇರುತ್ತದೆ.

ಅಪ್ಪನ ವಿಷಯ. ಮಗನಿಗೆ ಅಪ್ಪ ಬೇಕು, ಅದನ್ನು ಕಿತ್ತುಕೊಳ್ಳುವ ಮಾತೇ ಇಲ್ಲ. ಹೊತ್ತನ್ನು ಬೆಳಿಗ್ಗೆಗೆ ಸರಿಸಿ. ಸ್ನಾನ ಮಾಡಿಸುವುದು, ಶೂ ಲೇಸ್ ಕಟ್ಟಿಸುವುದು, ವ್ಯಾನಿನವರೆಗೆ ಕೈಹಿಡಿದು ನಡೆಸುವುದು ಅಪ್ಪನ ಪಾಲಿಗೆ ಬರಲಿ. ಮೊದಲ ವಾರ 'ಅಪ್ಪ ಬರಲಿ' ಎಂದು ಅತ್ತಾನು. ಆಗ ವಿಡಿಯೊ ಕಾಲ್ ಹಚ್ಚಿಕೊಡಬೇಡಿ, ಆ ಬೆಳಕೂ ಉತ್ಸಾಹವೂ ಸೇರಿ ನಿದ್ದೆ ಇನ್ನರ್ಧ ಗಂಟೆ ದೂರ ಹೋಗುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ದಿನವೆಲ್ಲ ತೂಕಡಿಸುತ್ತಿದ್ದರೆ, ರಾತ್ರಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರೆ ಮೂಗಿನ ಹಿಂದಿರುವ ಅಡಿನಾಯ್ಡ್ ಗ್ರಂಥಿ ಅಥವಾ ಗಂಟಲಿನ ಟಾನ್ಸಿಲ್ ಊದಿದೆಯೇ ಎಂದು ತೋರಿಸಿ.

'ಮಿಡ್‌ಬ್ರೈನ್ ಆಕ್ಟಿವೇಶನ್' ಎಂದು ಎರಡು ದಿನದ ಶಿಬಿರ ಮಾಡುತ್ತಾರಂತೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಮಕ್ಕಳು ಪುಸ್ತಕ ಓದುವುದನ್ನು ಕಣ್ಣಾರೆ ಕಂಡೆ. ಸಾಲ ಮಾಡಿಯಾದರೂ ಸೇರಿಸೋಣವೇ?
– ತಂದೆ, ದಾವಣಗೆರೆ

ಬೇಡ, ದಯವಿಟ್ಟು ಬೇಡ. ಮಿಡ್‌ಬ್ರೈನ್, ಅಂದರೆ ನಡುಮೆದುಳು, ಯಾರಲ್ಲೂ ನಿದ್ದೆ ಹೋಗಿರುವುದಿಲ್ಲ. ಕಣ್ಣುಗುಡ್ಡೆ ಹೊರಳಿಸುವುದು, ಸದ್ದು ಬಂದ ಕಡೆ ತಲೆ ತಿರುಗಿಸುವುದು, ಬೆಳಕಿಗೆ ಪಾಪೆ ಕಿರಿದಾಗಿಸುವುದು ಅದರ ಕೆಲಸಗಳು. ನಿಮ್ಮ ಮಗುವಿನಲ್ಲಿ ಅದು ಹುಟ್ಟಿದಂದಿನಿಂದ ನಡೆದೇ ಇದೆ, ಶಿಬಿರದಲ್ಲಿ ಎಬ್ಬಿಸಲು ಏನೂ ಉಳಿದಿಲ್ಲ.

ನೀವು ಕಂಡದ್ದಕ್ಕೆ ಕಾರಣ ಮೂಗು. ಬಟ್ಟೆ ಎಷ್ಟೇ ದಪ್ಪವಿರಲಿ, ಮೂಗಿನ ಎರಡೂ ಬದಿ ಕೆನ್ನೆಗೆ ಅಂಟದೆ ಸಣ್ಣ ಸಂದು ಉಳಿಯುತ್ತದೆ. ಕಣ್ಣು ಕೆಳಕ್ಕಿಳಿಸಿದರೆ ಅದರಲ್ಲಿ ಎದೆಯ ಮುಂದಿನ ಪುಸ್ತಕ ಕಾಣುತ್ತದೆ. ಮಗು ಗಲ್ಲ ಸ್ವಲ್ಪ ಎತ್ತಿ, ಪುಸ್ತಕವನ್ನು ಎದೆಯ ಹತ್ತಿರ ಕೆಳಗೇ ಹಿಡಿದಿದ್ದನ್ನು ನೆನಪಿಸಿಕೊಳ್ಳಿ. ಅದೇ ಹಾಳೆಯನ್ನು ಹಣೆಯ ಮಟ್ಟಕ್ಕೆ ಎತ್ತಿ ಹಿಡಿದರೆ, ಇಲ್ಲವೇ ಗಲ್ಲದ ಕೆಳಗೆ ಒಂದು ರಟ್ಟು ಅಡ್ಡ ಹಿಡಿದರೆ ಓದು ಅಲ್ಲಿಗೇ ನಿಲ್ಲುತ್ತದೆ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಇದನ್ನು ವರ್ಷಗಳಿಂದ ಸಾರ್ವಜನಿಕವಾಗಿ ಬಯಲು ಮಾಡುತ್ತ ಬಂದಿದ್ದಾರೆ. ಹಣಕ್ಕಿಂತ ನಮ್ಮನ್ನು ಕಾಡುವುದು ಮಗುವಿನ ಸ್ಥಿತಿ. ಇಣುಕುತ್ತಿದ್ದೇನೆಂದು ಅದಕ್ಕೆ ಗೊತ್ತು. ಅಪ್ಪ ಚಪ್ಪಾಳೆ ತಟ್ಟುತ್ತಿರುವಾಗ ಅದು ಬಾಯಿಬಿಡುವುದಾದರೂ ಹೇಗೆ?

ಆ ದುಡ್ಡಿನಲ್ಲಿ ಒಂದು ಅಳಗುಳಿಮಣೆ, ಹತ್ತಿಪ್ಪತ್ತು ಕಥೆಪುಸ್ತಕ ತನ್ನಿ. ಗುಳಿಗೆ ಐದರಂತೆ ಹದಿನಾಲ್ಕು ಗುಳಿಗೆ 70 ಹುಣಸೆಬೀಜ. ಯಾವ ಗುಳಿಯಿಂದ ಎತ್ತಿದರೆ ಎಲ್ಲಿ ಮುಗಿಯುತ್ತದೆಂದು ಮುಟ್ಟದೆ ಲೆಕ್ಕ ಹಾಕಲು ಮಗುವಿಗೆ ಹೇಳಿ.

ಐದನೇ ತರಗತಿಯ ಮಗ ಪಾಠವನ್ನು ಐದಾರು ಸಲ ಗಟ್ಟಿಯಾಗಿ ಓದುತ್ತಾನೆ. ಟೆಸ್ಟಿನಲ್ಲಿ ಕೂತರೆ ಮರೆತು ಹೋಯಿತು ಎನ್ನುತ್ತಾನೆ. ಮಗ್ಗಿಯೂ ಅಷ್ಟೇ, ಮೊದಲಿಂದ ಹೇಳಿದರೆ ಬರುತ್ತದೆ, ಮಧ್ಯೆ ಕೇಳಿದರೆ ಇಲ್ಲ.
– ಓದುಗರು, ಶಿರಸಿ

ಮಗನ ಶ್ರಮ ತಪ್ಪು ಕಡೆ ಖರ್ಚಾಗುತ್ತಿದೆ. ಮತ್ತೆ ಮತ್ತೆ ಓದಿದಾಗ ಸಾಲುಗಳು ಪರಿಚಿತವಾಗಿ 'ಬಂತು' ಅನ್ನಿಸುತ್ತದೆ. ಆದರೆ ಪರೀಕ್ಷೆಯಲ್ಲಿ ಬೇಕಾಗುವುದು ಒಳಗಿನಿಂದ ಹೊರತೆಗೆಯುವ ಅಭ್ಯಾಸ. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ, ಓದಿದ್ದನ್ನು ನೋಡದೆ ನೆನಪಿಸಿಕೊಂಡು ಬರೆದವರು ಮುಂದಾದರು.

ಹೀಗೆ ಮಾಡಿಸಿ. ಒಂದು ಪುಟ ಒಮ್ಮೆ ಅರ್ಥ ಮಾಡಿಕೊಂಡು ಓದಲಿ. ಪುಸ್ತಕ ಮುಚ್ಚಿ ನೆನಪಿದ್ದಷ್ಟು ಹೇಳಲಿ. ತಡವರಿಸಿದರೆ ಹತ್ತು ಸೆಕೆಂಡ್ ಕಾಯಿರಿ, ಆ ಹುಡುಕಾಟವೇ ಕಲಿಕೆ. ಆಮೇಲೆ ತೆರೆದು ಬಿಟ್ಟದ್ದನ್ನಷ್ಟೇ ನೋಡಲಿ. ಮರುದಿನ, ಮೂರನೇ ದಿನ, ಏಳನೇ ದಿನ ಇದನ್ನೇ ಐದೈದು ನಿಮಿಷ. ಮೊದಲ ವಾರ ಅವನು ಕಡಿಮೆ ಹೇಳುತ್ತಾನೆ, 'ಮೊದಲಿನದೇ ಚೆನ್ನಾಗಿತ್ತು' ಎಂದು ನಿಮಗೂ ಅನ್ನಿಸುತ್ತದೆ. ಹೆಚ್ಚಿನ ಮನೆಗಳಲ್ಲಿ ಕೈಬಿಡುವುದು ಅಲ್ಲಿಯೇ. ಎರಡು ವಾರ ತಡೆಯಿರಿ.

ದೀಪ ಹಚ್ಚಿದ ಮೇಲೆ ಮಗ್ಗಿ ಒಪ್ಪಿಸುವ ನಮ್ಮ ಹಳೆಯ ಪದ್ಧತಿಯೂ ನೆನಪಿನಿಂದ ಹೊರತೆಗೆಯುವ ಅಭ್ಯಾಸವೇ, ಒಳ್ಳೆಯದೇ. ಆದರೆ ಸರಪಳಿಯಾಗಿ ಕಲಿತದ್ದು ಸರಪಳಿಯಾಗಿಯೇ ಬರುತ್ತದೆ. 'ಏಳೆಂಟ್ಲ?' ಎಂದರೆ ಮಗು 'ಏಳೊಂದ್ಲ ಏಳು' ಎಂದು ಬುಡದಿಂದ ಹತ್ತಿ ಬರಬೇಕು. ಬಾಯಿಪಾಠವಾದ ಮೇಲೆ ಒಂದೊಂದು ಲೆಕ್ಕವನ್ನು ಒಂದೊಂದು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿ, ದಿನಕ್ಕೆ ಹತ್ತು ಎತ್ತಲಿ. ಮೂರು ಸೆಕೆಂಡಿನಲ್ಲಿ ಬಂದದ್ದು ಪಕ್ಕಕ್ಕೆ, ತಡವಾದದ್ದು ಮತ್ತೆ ಡಬ್ಬಿಗೆ. ವಾರಕ್ಕೊಮ್ಮೆ ಪಕ್ಕಕ್ಕಿಟ್ಟವನ್ನೂ ಸೇರಿಸಿ ಕಲೆಸಿ.

ಮೊಮ್ಮಗಳಿಗೆ ನಾಲ್ಕು ವರ್ಷ. ಎಲ್‌ಕೆಜಿಯಲ್ಲಿ ದಿನಾ ಎರಡು ಪುಟ ಬರೆಯಲು ಕೊಡುತ್ತಾರೆ, ಕೈ ನೋವು ಎಂದು ಅಳುತ್ತಾಳೆ. ಮನೆಯಲ್ಲೂ ಇಂಗ್ಲಿಷಿನಲ್ಲೇ ಮಾತಾಡಿ ಎಂದು ಶಾಲೆಯವರ ತಾಕೀತು. ನನಗೋ ಕನ್ನಡ ಬಿಟ್ಟರೆ ಬಾರದು.
– ಅಜ್ಜ, ಕುಂದಾಪುರ

ಅಜ್ಜ, ತಾವು ಕನ್ನಡದಲ್ಲೇ ಮಾತಾಡಿ, ಧಾರಾಳವಾಗಿ ಮಾತಾಡಿ. ಕುಂದಾಪ್ರ ಕನ್ನಡವೇ ಆಗಲಿ. ನಾಲ್ಕು ವರ್ಷದ ಮೆದುಳಿಗೆ ಬೇಕಾಗಿರುವುದು ಚೆಂಡಾಟದಂಥ ಮಾತು: ಅವಳು ಒಂದು ಹೇಳಬೇಕು, ನೀವು ಅದಕ್ಕೆ ಒಂದು ಸೇರಿಸಿ ಕೇಳಬೇಕು, ಅವಳು ಮತ್ತೆ ಹೇಳಬೇಕು. ತಡವರಿಸುವ ಭಾಷೆಯಲ್ಲಿ ಅದು 'ಕಮ್', 'ಸಿಟ್', 'ಈಟ್'ಗೆ ಮುಗಿದುಹೋಗುತ್ತದೆ. ಮನೆಮಾತಿನಲ್ಲಿ ಶಬ್ದಸಂಪತ್ತು ತುಂಬಿದ ಮಗು ಎರಡನೇ ಭಾಷೆಯನ್ನು ಅದರ ಮೇಲೇ ಕಟ್ಟಿಕೊಳ್ಳುತ್ತದೆ. ಅಂತ್ಯಾಕ್ಷರಿ ಆಡಿಸಿ: ಮರ, ರಸ, ಸರ. ಮಾತನ್ನು ಒಡೆದು ಕೊನೆಯ ಅಕ್ಷರ ಹಿಡಿಯಲು ಬಂದರೆ ಓದಿನ ಅರ್ಧ ದಾರಿ ಸವೆದಂತೆ. ಕನ್ನಡದಲ್ಲಿ ಗುಣಿತಾಕ್ಷರ, ಒತ್ತಕ್ಷರ ಸೇರಿ ಕಲಿಯಬೇಕಾದವು ನೂರಾರು. ಅವು ಪೂರ್ತಿ ಕೈಗೆ ಸಿಗಲು ಮೂರು-ನಾಲ್ಕನೇ ತರಗತಿಯಾಗುತ್ತದೆಂದು ಕನ್ನಡ ಓದಿನ ಮೇಲೆ ಸಂಶೋಧಕಿ ಸೋನಾಲಿ ನಾಗ್ ನಡೆಸಿದ ಅಧ್ಯಯನಗಳು ತೋರಿಸಿವೆ. ಅವಸರಿಸಬೇಡಿ.

ಕೈ ನೋವು ನೆಪವಲ್ಲ. ಮಣಿಕಟ್ಟಿನ ಎಂಟು ಪುಟ್ಟ ಮೂಳೆಗಳಲ್ಲಿ ಈ ವಯಸ್ಸಿಗೆ ಸುಮಾರು ಅರ್ಧದಷ್ಟೇ ಗಟ್ಟಿಯಾಗಲು ಶುರುವಾಗಿರುತ್ತವೆ, ಉಳಿದವು ಇನ್ನೂ ಮೆತ್ತಗಿರುತ್ತವೆ. ಬರವಣಿಗೆ ಅರ್ಧ ಪುಟಕ್ಕಿಳಿಸಲು ಸೊಸೆ ಅಥವಾ ಮಗಳ ಮೂಲಕ ಶಾಲೆಗೆ ಹೇಳಿಸಿ. ಮನೆಯಲ್ಲಿ ಬೆರಳಿಗೆ ಬೇರೆ ಕೆಲಸ ಕೊಡಿ. ನೆನೆಸಿದ ಅವರೆಕಾಳನ್ನು ಹೆಬ್ಬೆರಳು, ತೋರುಬೆರಳಿನಿಂದ ಹಿಚುಕಿ ಸಿಪ್ಪೆಯಿಂದ ಜಾರಿಸುವುದು ಪೆನ್ಸಿಲ್ ಹಿಡಿಯುವ ಹಿಡಿತವೇ. ದಿನಕ್ಕೆ ಇಪ್ಪತ್ತು ಕಾಳು ಸಾಕು, ಬಾಯಿಗೋ ಮೂಗಿಗೋ ಹಾಕಿಕೊಳ್ಳದಂತೆ ಪಕ್ಕದಲ್ಲೇ ಕೂತಿರಿ. ತಟ್ಟೆಯಲ್ಲಿ ತೆಳ್ಳಗೆ ಅಕ್ಕಿ ಹರಡಿ ಬೆರಳಿನಿಂದ ಅಕ್ಷರ ತಿದ್ದಿಸಿ. ಪೆನ್ಸಿಲ್ ಉದ್ದವಿದ್ದರೆ ಮಗು ಅದನ್ನು ಮುಷ್ಟಿಯಲ್ಲಿ ಹಿಡಿಯುತ್ತದೆ. ಐದು ಸೆಂಟಿಮೀಟರಿನ ಮೋಟು ತುಂಡು ಕೊಡಿ, ಮೂರು ಬೆರಳಿಗಷ್ಟೇ ಜಾಗವಿರುತ್ತದೆ.